ಮೇಗುತಿಯ ಹಡಗುಗಳು ಎಲ್ಲಿ ಹೋದವು?

ಬಾಗಲಕೋಟೆ ಜಿಲ್ಲೆಗೆ ಸಮುದ್ರವಿಲ್ಲ. ಹುನಗುಂದ ತಾಲೂಕಿನ ಐಹೊಳೆಯಿಂದ ಪಡುವಣ ಕರಾವಳಿ 200 ಕಿಲೋಮೀಟರಿಗೂ ದೂರ, ನಡುವೆ ಸಹ್ಯಾದ್ರಿ ಬೇರೆ. ಆದರೂ ಕರ್ನಾಟಕದ ಹಡಗುಗಳ ಇತಿಹಾಸಕ್ಕೆ ಬೇಕಾದ ಒಂದು ದೊಡ್ಡ ದಾಖಲೆ ಇರುವುದು ಈ ಊರಿನ ಗುಡ್ಡದ ಮೇಲೆ. ಮೇಗುತಿ ಜಿನಾಲಯದ ಗೋಡೆಯ ಮೇಲಿರುವ ಕವಿ ರವಿಕೀರ್ತಿಯ ಆ ಸಂಸ್ಕೃತ ಪ್ರಶಸ್ತಿ ಶಕ ವರ್ಷ 556ರದು, ಅಂದರೆ ಕ್ರಿ.ಶ. 634–35ರದು. ಹರ್ಷವರ್ಧನನ ಸೋಲಿನ ಕಾರಣಕ್ಕೆ ಅದು ನಮಗೆ ಶಾಲೆಯ ದಿನಗಳಿಂದಲೇ ಗೊತ್ತು. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಮುತ್ತಿದ ಸಂಗತಿಯೂ ಅದರಲ್ಲೇ ಇದೆ. ಆ ಹಡಗುಗಳಲ್ಲಿ ಒಂದರ ಹಲಗೆಯೂ ಇವತ್ತಿನವರೆಗೆ ಸಿಕ್ಕಿಲ್ಲ.

ಎಲ್ಲಿ ಹುಡುಕಬೇಕು ಎಂಬುದೇ ಮೊದಲ ತೊಡಕು. ಪುರಿ ಎಂದರೆ ಮುಂಬಯಿ ಬಳಿಯ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಎನ್ನುವವರಿದ್ದಾರೆ. ಇನ್ನೂ ತೆಂಕಣಕ್ಕೆ, ಜಂಜೀರಾ ಕೋಟೆಯ ಹತ್ತಿರದ ರಾಜಪುರಿ ಎನ್ನುವವರೂ ಇದ್ದಾರೆ. ಎರಡನೆಯ ತೊಡಕು, ಬಾದಾಮಿಯ ಅರಸನಿಗೆ ಹಡಗು ಬಂದದ್ದೆಲ್ಲಿಂದ ಎಂಬುದು. ಮಲಪ್ರಭೆಯಲ್ಲಿ ಕಟ್ಟಿದ್ದಂತೂ ಅಲ್ಲ. ಪುಲಕೇಶಿಯ ಚಿಕ್ಕಪ್ಪ ಮಂಗಳೇಶ ರೇವತೀದ್ವೀಪವನ್ನು ಗೆದ್ದನೆಂದು ಅದೇ ಶಾಸನ ಹೇಳುತ್ತದೆ. ಅದು ಗೋವೆಯ ಗಡಿಯಾಚೆ, ವೆಂಗುರ್ಲೆಯ ಕೆಳಗಿರುವ ರೇಡಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂಥ ಬಂದರುಗಳಲ್ಲಿ ಅಕ್ಕಿ, ಬಟ್ಟೆ, ಮೆಣಸು ಹೊರುತ್ತಿದ್ದ ದೋಣಿಗಳನ್ನೇ ದಂಡಿಗೆ ಹಿಡಿದಿರಬೇಕೆಂಬುದು ನನ್ನ ಊಹೆ. ಹಾಗಿದ್ದರೆ ನಾವು ಹುಡುಕಬೇಕಾದದ್ದು ಅರಸನ ಯುದ್ಧನೌಕೆಯನ್ನಲ್ಲ, ಹೆಸರಿಲ್ಲದ ಒಂದು ಸರಕು ದೋಣಿಯನ್ನು.

ಸರಕಿನ ಮಾತು ಬಂದರೆ ಐಹೊಳೆಗೆ ಇನ್ನೊಂದು ಹಕ್ಕೂ ಇದೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ಹೆಸರು ಪಡೆದದ್ದು ಈ ಊರಿನಿಂದಲೇ. ಸುಮಾತ್ರಾದ ಬಾರುಸ್ ಬಳಿಯ ಲೋಬು ತುವಾದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಅಲ್ಲಿಗೆ ಬರುವ ಹಡಗಿನವರು ಕಟ್ಟಬೇಕಾದ ತೆರಿಗೆಯ ಮಾತೂ ಇದೆ. ಮಲಪ್ರಭೆಯ ದಡದ ಊರಿನ ಹೆಸರು ಬಂಗಾಳ ಕೊಲ್ಲಿಯನ್ನು ದಾಟಿ ಹೋಯಿತು. ಅದನ್ನು ಹೊತ್ತೊಯ್ದ ಮರ ಮಾತ್ರ ಎಲ್ಲೂ ಉಳಿಯಲಿಲ್ಲ.

ಯಾಕೆ ಉಳಿಯಲಿಲ್ಲ? ನಮ್ಮ ಸಮುದ್ರದ ಬೆಚ್ಚನೆಯ ನೀರಿನಲ್ಲಿ ಮರ ಕೊರೆಯುವ ಹುಳುಗಳು ಮುಳುಗಿದ ಹಲಗೆಯನ್ನು ಕೆಲವೇ ವರ್ಷಗಳಲ್ಲಿ ಜರಡಿ ಮಾಡಿಬಿಡುತ್ತವೆ. ಕೆಸರಿನೊಳಗೆ, ಗಾಳಿ ಸೋಕದಂತೆ ಹೂತುಹೋದ ಭಾಗ ಮಾತ್ರ ಬದುಕುತ್ತದೆ. ಹಳೆಯ ದೋಣಿಗಳಲ್ಲಿ ಬಹಳಷ್ಟು ತೆಂಗಿನ ನಾರಿನ ಹಗ್ಗದಿಂದ ಹೊಲಿದವು. ಮರ ಹೋದರೆ ಮೊಳೆಯ ತುಕ್ಕಿನ ಗುರುತೂ ಇರದು. ಉಳಿಯುವುದು ಕಲ್ಲಿನ ಲಂಗರು. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ವಜ್ಞರು ದ್ವಾರಕೆಯಲ್ಲೂ ಸಿಂಧುದುರ್ಗದಲ್ಲೂ ಇಂಥ ಲಂಗರುಗಳನ್ನು ದಾಖಲಿಸಿದ್ದಾರೆ. ಲಂಗರು ಸಿಕ್ಕಿತೆಂದರೆ ಹಡಗು ಅಲ್ಲಿ ನಿಂತಿತ್ತು ಎಂದಷ್ಟೇ ಅರ್ಥ, ಮುಳುಗಿತ್ತು ಎಂದಲ್ಲ.

ಹಾಗಾದರೆ ಬೇರೆ ಕಡೆ ಹಡಗುಗಳು ಸಿಕ್ಕದ್ದು ಹೇಗೆ? 1998ರಲ್ಲಿ ಇಂಡೊನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ 9ನೇ ಶತಮಾನದ, ಹಗ್ಗದಿಂದ ಹೊಲಿದ ಹಡಗೊಂದು ಸಿಕ್ಕಿತು. ಅದರಲ್ಲಿ ಸುಮಾರು 60,000 ಚೀನೀ ಪಿಂಗಾಣಿ ಪಾತ್ರೆಗಳಿದ್ದವು. ಹಡಗಿನ ಗುರುತು ಹೇಳಿದ್ದು ಆ ಪಾತ್ರೆಗಳೇ. ಶ್ರೀಲಂಕೆಯ ಗೊಡವಾಯದಲ್ಲಿ ಎರಡು ಸಾವಿರ ವರ್ಷ ಹಳೆಯ ಹಡಗಿನ ಅವಶೇಷ ಕಣ್ಣಿಗೆ ಬಿದ್ದದ್ದೂ ಅದರ ಕಲ್ಲು, ಮಡಕೆಗಳಿಂದ.

ನಮ್ಮ ವರ್ತಕರ ಮೂಟೆಯಲ್ಲಿ ಇದ್ದದ್ದೇನು? ಮೆಣಸು, ಏಲಕ್ಕಿ, ಗಂಧ, ಬಟ್ಟೆ. ಎಲ್ಲವೂ ನೀರಿನಲ್ಲಿ ಕರಗುವಂಥವು, ಕೊಳೆಯುವಂಥವು. ಇದನ್ನು ತಿಳಿಯಲು ಐಹೊಳೆಯಿಂದ ಇಳಕಲ್ಲಿನವರೆಗೆ ಹೋದರೆ ಸಾಕು. ಆ ಊರಿನಿಂದ ಸೀರೆಯೂ ಹೊರಡುತ್ತದೆ, ಕೆಂಪು ಗ್ರಾನೈಟೂ ಹೊರಡುತ್ತದೆ. ಗ್ರಾನೈಟು ತುಂಬಿದ ಹಡಗು ಇಂದು ಮುಳುಗಿದರೆ ಸಾವಿರ ವರ್ಷದ ಮೇಲೂ ಯಾರಾದರೂ ಗುರುತು ಹಿಡಿದಾರು. ಸೀರೆ ತುಂಬಿದ ಹಡಗು ಮುಳುಗಿದರೆ ಹತ್ತು ಮಳೆಗಾಲ ಕಳೆಯುವಷ್ಟರಲ್ಲಿ ಸುಳಿವೂ ಇರದು. ಆದ್ದರಿಂದ ಹಡಗು ಸಿಗಲಿಲ್ಲ ಎಂಬುದರಿಂದ ಹಡಗೇ ಇರಲಿಲ್ಲ ಎಂಬ ತೀರ್ಮಾನಕ್ಕೆ ಬರಲಾಗದು. ‘ನೂರಾರು’ ಎಂಬುದು ಹೊಗಳಿಕೆಯ ಲೆಕ್ಕವಿರಬಹುದು. ಆದರೆ ಒಳನಾಡಿನ ಕವಿಯೊಬ್ಬ ಇಲ್ಲದ ಸಮುದ್ರವನ್ನು ತನ್ನ ಅರಸನ ಗೆಲುವಿನ ಪಟ್ಟಿಗೆ ಸೇರಿಸಬೇಕಾದ ಅಗತ್ಯವಿರಲಿಲ್ಲ.

ಆಸೆ ಇಟ್ಟುಕೊಳ್ಳಲು ಕಾರಣವೂ ಇದೆ. ಕೇರಳದ ಚೇರ್ತಲ ಬಳಿಯ ತೈಕ್ಕಲ್‌ನಲ್ಲಿ 2002–03ರಲ್ಲಿ ಉತ್ಖನನ ನಡೆಸಿ 18 ಮೀಟರಿಗೂ ಉದ್ದದ, ಚಪ್ಪಟೆ ತಳದ ಮಧ್ಯಕಾಲೀನ ಮರದ ದೋಣಿಯೊಂದನ್ನು ಹೊರತೆಗೆದರು. ಅದು ಸಿಕ್ಕದ್ದು ಸಮುದ್ರದಲ್ಲಲ್ಲ, ನೆಲದಲ್ಲಿ. ಹಿಂದೆ ನೀರಿದ್ದ ಜಾಗ ಹೂಳು ತುಂಬಿ ನೆಲವಾಗಿತ್ತು, ಆ ಕೆಸರೇ ದೋಣಿಯನ್ನು ಕಾದಿತ್ತು. ಕಾಳಿ, ಅಘನಾಶಿನಿ, ಶರಾವತಿ ನದಿಗಳ ಅಳಿವೆಗಳಲ್ಲೂ ಅಂಥದೇ ಹೂಳಿದೆ. ಗಜನಿ ಗದ್ದೆಯಲ್ಲೋ ಸೇತುವೆಯ ತಳಪಾಯ ತೋಡುವಾಗಲೋ ಕಪ್ಪು ಹಲಗೆಯೊಂದು ಎದ್ದರೆ ಅದನ್ನು ಸೌದೆಗೆ ಒಯ್ಯದಂತೆ ತಡೆಯುವ ಕಣ್ಣು ಬೇಕು.

ಆ ಕಣ್ಣು ಪುರಾತತ್ವ ಇಲಾಖೆಗೆ ಮಾತ್ರ ಇದ್ದರೆ ಸಾಲದು. ಗೊಡವಾಯದ ಹಡಗಿನ ಸುಳಿವು ಕೊಟ್ಟವರು ಅಲ್ಲಿನ ಮೀನುಗಾರರು. ಬಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ನಮ್ಮ ಕರಾವಳಿಯ ಮೊಗೇರರಿಗೂ ಖಾರ್ವಿಗಳಿಗೂ ಗೊತ್ತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ಮರದ ಕೆಲಸ ಬಲ್ಲವರಿಗೆ ಒಂದು ತುಂಡು ಹಲಗೆ ದೋಣಿಯ ಯಾವ ಭಾಗದ್ದೆಂದು ಹೇಳಲು ಬಂದೀತು. ಕೃಷ್ಣೆ–ಮಲಪ್ರಭೆಯರ ದಡದಲ್ಲಿ ಸೇತುವೆಗಳೂ ಅಣೆಕಟ್ಟಿನ ಹಿನ್ನೀರೂ ಬಂದ ಮೇಲೆ ಅಂಬಿಗರ ಹರಿಗೋಲು, ಅದರ ಜೊತೆಗಿದ್ದ ಮಾತು, ಎರಡೂ ವಿರಳವಾಗಿವೆ. ಕರಾವಳಿಯಲ್ಲಿ ಹಾಗಾಗುವ ಮೊದಲು ಆ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಮೇಗುತಿಯ ಕಲ್ಲು 1,390 ವರ್ಷ ಕಾದಿದೆ, ಇನ್ನೂ ಕಾದೀತು. ಮರದ ಭಾಷೆ ಬಲ್ಲವರು ಅಷ್ಟು ದಿನ ಇರುವುದಿಲ್ಲ.