ಬಸುರಿಯ ಬಯಕೆ: ಕೇಳಿದ್ದು ಒಂದು, ಕೇಳದೆ ಬಿಟ್ಟದ್ದು ಇನ್ನೊಂದು

ನನ್ನ ಬಯಕೆ ಊಟ ಏಳನೇ ತಿಂಗಳಲ್ಲಿ ಪುಣೆಯ ಫ್ಲ್ಯಾಟಿನಲ್ಲೇ ನಡೆಯಿತು. ಹೋಳಿಗೆ, ಚಿತ್ರಾನ್ನ, ಕೈತುಂಬ ಹಸಿರು ಬಳೆ. ಬಂದ ಹಿರಿಯರೆಲ್ಲ ಕೇಳಿದ್ದು ಒಂದೇ: "ಏನು ತಿನ್ನಬೇಕು ಅನ್ನಿಸ್ತಿದೆಯಮ್ಮಾ?" ಗಂಡನ ಹತ್ತಿರ ಸುಳಿಯಲೂ ಮನಸ್ಸಾಗದ ಮೊದಲ ತಿಂಗಳುಗಳು, ಆಮೇಲೆ ಇದ್ದಕ್ಕಿದ್ದಂತೆ ಮರಳಿದ ಆಸೆ, ಅದರ ಬೆನ್ನಿಗೇ "ಮಗುವಿಗೆ ಏನಾದರೂ ಆದರೆ?" ಎಂಬ ಭಯ. ಇದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎರಡಕ್ಕೂ ನಮ್ಮಲ್ಲಿರುವ ಪದ ಬಯಕೆಯೇ ಅಲ್ಲವೇ ಎಂದು ಹೊಳೆದದ್ದು ತಡವಾಗಿ. ಹಳೆಯ ಗ್ರಂಥಗಳನ್ನು ತಿರುವಿದ್ದು ಹಾಗೆ.

ಸುಶ್ರುತ ಸಂಹಿತೆಯ ಪ್ರಕಾರ ನಾಲ್ಕನೇ ತಿಂಗಳಲ್ಲಿ ಗರ್ಭದ ಹೃದಯ ವ್ಯಕ್ತವಾಗುತ್ತದೆ. ಆಗ ತಾಯಿಗೆ ಎರಡು ಹೃದಯ, ಅವಳು 'ದೌಹೃದಿನಿ'. ಅವಳ ಆಸೆ ತೀರಿಸದಿದ್ದರೆ ಮಗು ಊನವಾಗುತ್ತದೆ ಎಂದು ಅಲ್ಲಿದೆ. ಕಾವ್ಯಗಳಿಗೂ ಇದು ಪ್ರಿಯ ವಿಷಯ. ರಘುವಂಶದ ಸುದಕ್ಷಿಣೆ ಮಣ್ಣು ತಿನ್ನುತ್ತಾಳೆ. ಉತ್ತರಕಾಂಡದ ಸೀತೆ ಗಂಗಾತೀರದ ಆಶ್ರಮಗಳನ್ನು ನೋಡಬೇಕೆನ್ನುತ್ತಾಳೆ. (ಆ ಬಯಕೆಯ ನೆಪದಲ್ಲೇ ಅವಳನ್ನು ಕಾಡಿಗೆ ಬಿಟ್ಟರು, ಅದು ಬೇರೆ ಸಂಕಟ.)

ಕಾಮದ ಬಯಕೆ? ಅದೇ ಸುಶ್ರುತ ಸಂಹಿತೆ, ಗರ್ಭ ನಿಂತಂದಿನಿಂದ ಬಿಡಬೇಕಾದವುಗಳಲ್ಲಿ ವ್ಯಾಯಾಮ, ಹಗಲುನಿದ್ದೆ, ಜಾಗರಣೆಗಳ ಜೊತೆ ಸಂಭೋಗವನ್ನೂ ಸೇರಿಸುತ್ತದೆ. ಚರಕ ಸಂಹಿತೆ ಇನ್ನೂ ಬಿರುಸು: ಅದರಲ್ಲಿ ಆಸಕ್ತಳಾದ ಗರ್ಭಿಣಿಗೆ ಕುರೂಪಿ, ನಾಚಿಕೆಗೆಟ್ಟ ಮಗು ಹುಟ್ಟುತ್ತದಂತೆ. ಹುಣಸೆಕಾಯಿಯ ಆಸೆ ತೀರದಿದ್ದರೂ ಮಗುವಿಗೆ ಕೇಡು, ಈ ಆಸೆ ತೀರಿದರೂ ಮಗುವಿಗೆ ಕೇಡು! ಹೆರಿಗೆಗೆ ತವರಿಗೆ ಕಳುಹಿಸುವ ಪದ್ಧತಿ ಪ್ರಶ್ನೆಯೇ ಏಳದಂತೆ ಮಾಡಿತೇನೋ.

ಹೆಂಗಸರನ್ನೇ ಕೂರಿಸಿ ಕೇಳಿದ್ದು ಬಹಳ ಈಚೆಗೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ 1966ರ ತಮ್ಮ ಪುಸ್ತಕದಲ್ಲಿ, ಚೊಚ್ಚಲ ಬಸುರಿಯರಲ್ಲಿ ಮೊದಮೊದಲು ಆಸೆ ಕುಗ್ಗುತ್ತದೆ, ನಡುವಿನ ಮೂರು ತಿಂಗಳಲ್ಲಿ ಹೆಚ್ಚಿನವರಲ್ಲಿ ಏರುತ್ತದೆ, ಕೊನೆಗೆ ಇಳಿಯುತ್ತದೆ ಎಂದು ಬರೆದರು. 1973ರಲ್ಲಿ ಸೋಲ್‌ಬರ್ಗ್ ಮತ್ತು ಸಂಗಡಿಗರು ಹೆರಿಗೆಯಾದ 260 ಮಂದಿಯನ್ನು ಕೇಳಿದಾಗ ಆ ಏರಿಕೆ ಕಾಣಲಿಲ್ಲ. ತಿಂಗಳು ಕಳೆದಂತೆ ಇಳಿಮುಖವೇ. ದಿನವಿಡೀ ಡೇಟಾ ನೋಡುವ ನನಗೆ ಈ ಜಗಳದಿಂದ ಸಮಾಧಾನವೇ ಆಯಿತು. ಎಲ್ಲರಿಗೂ ಒಂದೇ ಗ್ರಾಫ್ ಇಲ್ಲ.

ರಕ್ತಸ್ರಾವ, ಕೆಳಗೆ ಕೂತ ಮಾಸು, ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆ ಇದ್ದರೆ ವೈದ್ಯರು ಬೇಡವೆನ್ನುತ್ತಾರೆ. ಆರೋಗ್ಯವಂತ ಬಸುರಿಗೆ ಅಡ್ಡಿಯಿಲ್ಲ. ಇಷ್ಟು ತಿಳಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಚೆಕಪ್ ಮುಗಿಸಿ ಬಾಗಿಲವರೆಗೆ ಹೋದವಳು, ತಿರುಗಿ ಬಂದು ಡಾಕ್ಟರನ್ನು ಕೇಳಿದ್ದೆ.