ಸೆರೆಯಾಳುಗಳು ಹಚ್ಚಿದ ಆವಿಗೆ

ಹಾಲಿನಂಥ ಬಿಳುಪು, ಅದರ ಮೇಲೆ ನೀಲಿಯ ಇಲ್ಲವೆ ಕೆಂಪಿನ ಹೂಬಳ್ಳಿ, ಬೆರಳಿನಿಂದ ತಟ್ಟಿದರೆ ಗಂಟೆಯಂಥ ನಾದ - ಇದು ಜಪಾನಿನ ಪಿಂಗಾಣಿ. ಇಷ್ಟು ಹೆಸರಾದ ಈ ಕಲೆ ಆ ದೇಶದಲ್ಲಿ ಬಹು ಪ್ರಾಚೀನವಾದುದೆಂದು ಯಾರಾದರೂ ಭಾವಿಸಿದರೆ ಆಶ್ಚರ್ಯವಿಲ್ಲ. ಮಣ್ಣಿನ ಪಾತ್ರೆಗಳನ್ನು ಸುಡುವ ಕೆಲಸ ಅಲ್ಲಿ ಸಾವಿರಾರು ವರ್ಷಗಳಿಂದ ನಡೆದುಬಂದಿದೆ, ನಿಜ. ಆದರೆ ಪಿಂಗಾಣಿಯ ವಯಸ್ಸು ಅಲ್ಲಿ ನಾಲ್ಕು ನೂರು ವರ್ಷ ಮಾತ್ರ. ಅದರ ಹುಟ್ಟಿನ ಕಥೆ ಆರಂಭವಾಗುವುದು ಒಂದು ಯುದ್ಧದಿಂದ.

ಹದಿನಾರನೆಯ ಶತಮಾನದ ಕೊನೆಯ ವೇಳೆಗೆ ಜಪಾನಿನ ಸಾಮಂತರಲ್ಲಿಯೂ ಸೇನಾನಿಗಳಲ್ಲಿಯೂ ಚಹಾಕೂಟದ ಆಸಕ್ತಿ ಬಹಳವಾಗಿ ಬೆಳೆದಿತ್ತು. ಆ ಕೂಟಗಳಲ್ಲಿ ಕೊರಿಯದ ಸರಳವಾದ ಬಟ್ಟಲುಗಳಿಗೆ ಎಲ್ಲಿಲ್ಲದ ಮರ್ಯಾದೆ. ಹೀಗಿರುವಾಗ ಜಪಾನಿನ ಅಧಿಪತಿ ಟೊಯೊಟೊಮಿ ಹಿಡೆಯೋಶಿಯು 1592ರಲ್ಲಿ ಕೊರಿಯದ ಮೇಲೆ ದಂಡೆತ್ತಿ ಹೋದನು. 1597ರಲ್ಲಿ ಮತ್ತೊಮ್ಮೆ ಸೈನ್ಯವನ್ನು ಕಳುಹಿಸಿದನು. 1598ರಲ್ಲಿ ಅವನು ಸತ್ತೊಡನೆ ದಂಡು ಹಿಂದಿರುಗಿತು. ರಾಜ್ಯವೇನೂ ಕೈಗೆ ಬರಲಿಲ್ಲ. ಆದರೆ ಕ್ಯೂಷು ದ್ವೀಪದ ಸಾಮಂತರು ಬರಿಗೈಯಲ್ಲಿ ಮರಳಲಿಲ್ಲ. ಕುಂಬಾರರನ್ನು ಸಂಸಾರ ಸಮೇತ ಹಡಗಿಗೆ ಹತ್ತಿಸಿಕೊಂಡು ಬಂದರು. ಮುಂದೆ ಈ ದಂಡಯಾತ್ರೆಗೆ ‘ಕುಂಬಾರಿಕೆಯ ಯುದ್ಧ’ವೆಂಬ ಅಡ್ಡಹೆಸರೇ ಬಂದಿತು.

ಹಾಗೆ ಬಂದವರಲ್ಲಿ ಯಿ ಸಾಮ್‌ಪ್ಯೋಂಗ್ ಎಂಬವನೊಬ್ಬ. ಅವನು ಹಿಜೆನ್ ಸೀಮೆಯ ನಬೆಶಿಮ ಸಾಮಂತನ ಆಶ್ರಯದಲ್ಲಿದ್ದು, 1616ರ ಸುಮಾರಿಗೆ ಅರಿತಾ ಎಂಬ ಊರಿನ ಇಜುಮಿಯಾಮ ಗುಡ್ಡದಲ್ಲಿ ಪಿಂಗಾಣಿಗೆ ಒದಗುವ ಬಿಳಿಯ ಕಲ್ಲನ್ನು ಕಂಡುಹಿಡಿದನೆಂದು ಪರಂಪರೆ ಹೇಳುತ್ತದೆ. ಆ ಕಲ್ಲನ್ನು ಕುಟ್ಟಿ, ನೀರಿನಲ್ಲಿ ಕದಡಿ, ನಯವಾದ ಮಣ್ಣನ್ನು ತೆಗೆದು ತಿಗರಿಗೆ ಏರಿಸಬೇಕು. ಆಮೇಲೆ ಸುಮಾರು 1,300 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಡಬೇಕು. ಇದಕ್ಕಾಗಿ ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೋಣೆಗಳುಳ್ಳ ಆವಿಗೆಯನ್ನು ಕಟ್ಟುತ್ತಿದ್ದರು; ಕೆಳಗಿನ ಕೋಣೆಯ ಬಿಸಿ ಮೇಲಿನದನ್ನು ಕಾಯಿಸುತ್ತ ಹೋಗುತ್ತಿತ್ತು.

ಈ ಕೆಲಸ ಒಬ್ಬನಿಂದಾದುದಲ್ಲ. ಕೊರಿಯದ ಕುಂಬಾರನೊಬ್ಬನ ಹೆಂಡತಿ, 1618ರಲ್ಲಿ ಗಂಡ ತೀರಿಕೊಂಡ ಮೇಲೆ, ಸುಮಾರು ಒಂಬೈನೂರು ಮಂದಿಯನ್ನು ಕರೆದುಕೊಂಡು ಅರಿತಾಕ್ಕೆ ಬಂದು ನೆಲೆಸಿದಳಂತೆ. ಅವಳು 1656ರಲ್ಲಿ ತನ್ನ 96ನೆಯ ವಯಸ್ಸಿನಲ್ಲಿ ಕಾಲವಾದಳು. ಅವಳನ್ನು ಹ್ಯಾಕುಬಾಸೆನ್ ಎಂದು ಕರೆಯುತ್ತಾರೆ. ಅದು ಹೆಸರಲ್ಲ, ‘ನೂರು ವರ್ಷದ ಅಜ್ಜಿ’ ಎಂಬರ್ಥದ ಗೌರವದ ಮಾತು. ತಾಯಿತಂದೆಗಳು ಇಟ್ಟ ಹೆಸರು ಉಳಿದುಬಂದಿಲ್ಲ.

ಇತ್ತ ಚೀನದಲ್ಲಿ 1644ರಲ್ಲಿ ಮಿಂಗ್ ಅರಸರ ಆಳ್ವಿಕೆ ಉರುಳಿತು. ಅಂತಃಕಲಹದಿಂದ ಅಲ್ಲಿಯ ಪಿಂಗಾಣಿಯ ರಫ್ತು ಕುಗ್ಗಿಹೋಯಿತು. ನಾಗಸಾಕಿಯ ದೇಜಿಮದಲ್ಲಿ ಕೋಠಿಯಿದ್ದ ಡಚ್ ವರ್ತಕರು ಅರಿತಾದ ಕಡೆಗೆ ತಿರುಗಿದರು. 1659ರಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪಾತ್ರೆಗಳಿಗೆ ಬೇಡಿಕೆ ಕೊಟ್ಟರು. ಸರಕು ಇಮಾರಿ ಬಂದರಿನಿಂದ ಹೊರಡುತ್ತಿದ್ದುದರಿಂದ ಅದಕ್ಕೆ ‘ಇಮಾರಿ’ ಎಂದೇ ಹೆಸರಾಯಿತು. ಕಾಕಿಯೆಮೊನ್ ಮನೆತನದವರ ಬಣ್ಣದ ಚಿತ್ತಾರಗಳಿಗೆ ಯೂರೋಪಿನ ದೊರೆಗಳು ಮಾರುಹೋದರು. 1710ರಲ್ಲಿ ಜರ್ಮನಿಯ ಮೈಸನ್‌ನಲ್ಲಿ ಕಾರ್ಖಾನೆ ಹುಟ್ಟಿದ ಮೇಲೆ ಅಲ್ಲಿಯವರು ಈ ಚಿತ್ತಾರಗಳನ್ನೇ ಅನುಕರಿಸತೊಡಗಿದರು.

1917ರಲ್ಲಿ ಅರಿತಾದ ಜನ ಊರ ಗುಡ್ಡದ ಮೇಲೆ ಯಿ ಸಾಮ್‌ಪ್ಯೋಂಗನಿಗೆ ಸ್ಮಾರಕ ಸ್ತಂಭವೊಂದನ್ನು ನಿಲ್ಲಿಸಿದರು. ಸಾಮಂತನ ಸೆರೆಯಾಳು ಊರಿಗೆ ಊರೇ ಕೈಮುಗಿಯುವ ಮೂಲಪುರುಷನಾದನು. ಅವನ ಋಣವನ್ನು ಮುಚ್ಚಿಡದೆ ಒಪ್ಪಿಕೊಂಡುದು ಆ ಜನರ ದೊಡ್ಡತನ. ಆದರೆ ತಾಯ್ನಾಡನ್ನು ಮತ್ತೆ ಕಾಣದೆ, ಹೆಸರನ್ನೂ ಉಳಿಸದೆ ಆ ಮಣ್ಣಿನಲ್ಲಿ ಬೆರೆತವರೆಷ್ಟೋ ಮಂದಿ. ಒಂದು ದೇಶದ ಕಲೆಯೆಂದು ನಾವು ಮೆಚ್ಚಿಕೊಳ್ಳುವ ಬಟ್ಟಲನ್ನು ಕೈಗೆತ್ತಿಕೊಂಡಾಗ, ಅದರ ನುಣುಪಿನಲ್ಲಿ ಇನ್ನೊಂದು ದೇಶದವರ ಬೆರಳುಗಳ ಬಲವೂ ಅಡಗಿದೆಯೆಂಬುದನ್ನು ನೆನೆಯುವುದು ಉಚಿತ.