ಅನುಕೂಲದ ಮೇಜು

1958ರ ಕ್ರಿಸ್‌ಮಸ್ ರಜೆಯಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಯುವ ಗಣಿತಜ್ಞ ಹೆಂಡತಿಯೊಡನೆ ಲಾಸ್ ವೇಗಸ್‌ಗೆ ಹೋದರು. ಹೊರಡುವ ಮೊದಲು ಸಹೋದ್ಯೋಗಿಯೊಬ್ಬರು ಅವರಿಗೆ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದಿದ್ದ ಲೇಖನದ ಸುಳಿವು ಕೊಟ್ಟಿದ್ದರು. ಥಾರ್ಪ್ ಅದರ ಸಾರವನ್ನು ಅಂಗೈಯಗಲದ ಚೀಟಿಯಲ್ಲಿ ಬರೆದುಕೊಂಡು, ಹತ್ತು ಬೆಳ್ಳಿ ಡಾಲರು ಹಿಡಿದು ಬ್ಲ್ಯಾಕ್‌ಜಾಕ್ ಮೇಜಿಗೆ ಕೂತರು. ಎದ್ದಾಗ ಎಂಟೂವರೆ ಡಾಲರು ಹೋಗಿತ್ತು. ಆದರೆ ಅವರ ಗಮನ ಸೆಳೆದದ್ದು ಬೇರೆ: ಅಕ್ಕಪಕ್ಕದಲ್ಲಿ ಚೀಟಿಯಿಲ್ಲದೆ ಆಡುತ್ತಿದ್ದವರು ಅವರಿಗಿಂತ ಬಹಳ ಬೇಗ ಖಾಲಿಯಾಗಿದ್ದರು.

ಆಟ ಸರಳ. ಎಲೆಗಳ ಮೊತ್ತ ಇಪ್ಪತ್ತೊಂದನ್ನು ದಾಟದಂತೆ, ಆದರೆ ಡೀಲರನ ಮೊತ್ತಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳಬೇಕು. ರಾಜ, ರಾಣಿ, ಗುಲಾಮಗಳಿಗೆ ಹತ್ತು. ಎಕ್ಕಕ್ಕೆ ಒಂದು ಅಥವಾ ಹನ್ನೊಂದು. ಡೀಲರನಿಗೆ ಸ್ವಂತ ತೀರ್ಮಾನವೇ ಇಲ್ಲ. ಹದಿನಾರರವರೆಗೆ ಎಲೆ ಎಳೆಯಬೇಕು, ಹದಿನೇಳಕ್ಕೆ ನಿಲ್ಲಬೇಕು. ಕ್ಯಾಸಿನೊಗೆ ಲಾಭ ಬರುವುದು ಒಂದೇ ಕಾರಣದಿಂದ: ಮೊದಲು ಆಡುವವನು ಆಟಗಾರ. ಅವನು ಇಪ್ಪತ್ತೊಂದು ದಾಟಿದರೆ ಹಣ ಆಗಲೇ ಹೋಯಿತು. ಆಮೇಲೆ ಡೀಲರನೂ ದಾಟಿದರೆ ಯಾರೂ ಅದನ್ನು ಹಿಂತಿರುಗಿಸುವುದಿಲ್ಲ.

ಥಾರ್ಪ್ ಚೀಟಿಯ ಮೂಲ ಮೇರಿಲ್ಯಾಂಡಿನ ಅಬರ್ಡೀನ್ ಸೇನಾ ನೆಲೆಯಲ್ಲಿತ್ತು. ರೋಜರ್ ಬಾಲ್ಡ್ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಅಲ್ಲಿ ಬಿಡುವಿನ ವೇಳೆಯಲ್ಲಿ, ಮೇಜಿನ ಮೇಲಿಡುವ ಲೆಕ್ಕದ ಯಂತ್ರ ಒತ್ತಿ ಒತ್ತಿ, ಯಾವ ಕೈಗೆ ಏನು ಮಾಡಬೇಕೆಂದು ಲೆಕ್ಕ ಹಾಕಿದರು. 1956ರಲ್ಲಿ ಅದು ಪ್ರಕಟವಾಯಿತು. ಅವರ ಪ್ರಕಾರ ಚೆನ್ನಾಗಿ ಆಡುವವನಿಂದ ಕ್ಯಾಸಿನೊ ಪಡೆಯುವುದು ಪಣದ ನೂರಕ್ಕೆ 0.62ರಷ್ಟು ಮಾತ್ರ. ನೂರು ರೂಪಾಯಿಗೆ ಅರವತ್ತೆರಡು ಪೈಸೆ. ಊರ ಜಾತ್ರೆಯ ಯಾವ ಜೂಜಿಗೂ ಇಷ್ಟು ಕಡಿಮೆ ಸುಂಕ ಇದ್ದಿರಲಾರದು.

ಥಾರ್ಪ್ ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರು. ರೂಲೆಟ್ ಚಕ್ರಕ್ಕೆ ನೆನಪಿಲ್ಲ. ಹಿಂದಿನ ಸುತ್ತಿನಲ್ಲಿ ಏನು ಬಂತೆಂಬುದು ಮುಂದಿನದಕ್ಕೆ ಲೆಕ್ಕಕ್ಕಿಲ್ಲ. ಇಸ್ಪೀಟಿನ ಕಟ್ಟಿಗೆ ನೆನಪಿದೆ. ಬಿದ್ದ ಎಲೆ ಮತ್ತೆ ಕಲೆಸುವವರೆಗೆ ಹಿಂದಿರುಗುವುದಿಲ್ಲ. ಸಣ್ಣ ಎಲೆಗಳು ಹೆಚ್ಚು ಬಿದ್ದು ಹೋಗಿ ಹತ್ತುಗಳೂ ಎಕ್ಕಗಳೂ ಉಳಿದಿದ್ದರೆ, ಹದಿನಾರರಲ್ಲೂ ಎಳೆಯಲೇಬೇಕಾದ ಡೀಲರ್ ಹೆಚ್ಚು ಸಲ ಇಪ್ಪತ್ತೊಂದು ದಾಟುತ್ತಾನೆ. ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದಾಗ, ಕಟ್ಟಿನಲ್ಲಿದ್ದ ನಾಲ್ಕೂ ಐದುಗಳು ಬಿದ್ದು ಹೋದರೆ ಅನುಕೂಲ ಆಟಗಾರನ ಕಡೆ ನೂರಕ್ಕೆ ಮೂರಕ್ಕಿಂತ ಹೆಚ್ಚಾಗುತ್ತದೆಂದು ಕಂಡಿತು.

ಇದನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗೆ ಕಳಿಸಲು ಅಕಾಡೆಮಿಯ ಸದಸ್ಯರೊಬ್ಬರು ಬೇಕಿತ್ತು. ಥಾರ್ಪ್ ಮಾಹಿತಿ ಸಿದ್ಧಾಂತದ ಪಿತಾಮಹ ಕ್ಲಾಡ್ ಶಾನನ್ ಬಳಿ ಹೋದರು. ಶಾನನ್ ಲೆಕ್ಕವನ್ನು ಒಪ್ಪಿದರು, ಶೀರ್ಷಿಕೆಯನ್ನು ಒಪ್ಪಲಿಲ್ಲ. ‘ಬ್ಲ್ಯಾಕ್‌ಜಾಕ್‌ನಲ್ಲಿ ಗೆಲ್ಲುವ ತಂತ್ರ’ ಎಂದಿದ್ದದ್ದು ಅವರ ಸಲಹೆಯಂತೆ ‘ಇಪ್ಪತ್ತೊಂದರಲ್ಲಿ ಅನುಕೂಲಕರ ತಂತ್ರ’ ಎಂದಾಗಿ 1961ರಲ್ಲಿ ಅಚ್ಚಾಯಿತು. ಅಕಾಡೆಮಿಯ ಗಾಂಭೀರ್ಯಕ್ಕೆಂದು ಮಾಡಿದ ಬದಲಾವಣೆ ಅದು. ಆದರೂ ಈ ಆಟದ ಮುಂದಿನ ಇತಿಹಾಸವೆಲ್ಲ ಆ ಒಂದು ಪದದಲ್ಲಿದೆ. ಗೆಲುವು ಇವತ್ತಿನ ಎಲೆಯದು. ಅನುಕೂಲ ನಿಯಮದ್ದು, ಸ್ಥಳದ್ದು. ಅದನ್ನು ಹುಡುಕಿಕೊಂಡು ಹೋಗಬೇಕು.

ಥಾರ್ಪ್ ಹುಡುಕಿಕೊಂಡು ಹೋದರು. 1961ರಲ್ಲಿ ಮ್ಯಾನಿ ಕಿಮೆಲ್, ಎಡ್ಡಿ ಹ್ಯಾಂಡ್ ಎಂಬ ಇಬ್ಬರು ಹಣವಂತರು ಹತ್ತು ಸಾವಿರ ಡಾಲರು ಹೂಡಿ ಅವರನ್ನು ನೆವಾಡಾದ ರೀನೊ, ಲೇಕ್ ಟಾಹೊಗಳಿಗೆ ಕರೆದೊಯ್ದರು. ಗಳಿಕೆ ಸುಮಾರು ಹನ್ನೊಂದು ಸಾವಿರ. 1962ರಲ್ಲಿ ಬಂದ ‘ಬೀಟ್ ದ ಡೀಲರ್’ ಪುಸ್ತಕ ಈ ವಿದ್ಯೆಯನ್ನು ಯಾರು ಬೇಕಾದರೂ ಕಲಿಯುವಂತೆ ಬಿಚ್ಚಿಟ್ಟಿತು. ಅಲ್ಲಿಂದ ಹಗ್ಗಜಗ್ಗಾಟ ಶುರು.

ಕ್ಯಾಸಿನೊಗಳ ಮೊದಲ ಪಟ್ಟು ಮುಗ್ಗರಿಸಿತು. 1964ರ ಏಪ್ರಿಲ್ 1ರಂದು ಲಾಸ್ ವೇಗಸ್ ಹೋಟೆಲುಗಳ ಸಂಘ ನಿಯಮಗಳನ್ನು ಬಿಗಿ ಮಾಡಿತು. ಎಕ್ಕದ ಜೋಡಿಯನ್ನು ಬಿಡಿಸಿ ಎರಡು ಕೈ ಮಾಡಿಕೊಳ್ಳುವಂತಿಲ್ಲ. ಮೊತ್ತ ಹನ್ನೊಂದಾದಾಗ ಮಾತ್ರ ಪಣ ಇಮ್ಮಡಿ ಮಾಡಬಹುದು. ಎಣಿಸುವವರ ಜೊತೆ ಎಣಿಸಲು ಬಾರದವರೂ ಮೇಜು ಬಿಟ್ಟೆದ್ದರು. ಕ್ಯಾಸಿನೊ ಬದುಕುವುದೇ ಆ ಎರಡನೆಯವರಿಂದ. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ವಾಪಸಾದವು. ಆ ಬಳಿಕ ಎಲ್ಲರೂ ಒಟ್ಟಾಗಿ ನಿಯಮ ಬದಲಿಸುವ ಬದಲು ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿದರು. ಒಬ್ಬರು ಒಂದು ಕಟ್ಟಿನ ಜಾಗಕ್ಕೆ ನಾಲ್ಕು ತಂದರು, ಇನ್ನೊಬ್ಬರು ಆರು. ಒಂದು ಕಡೆ ಡೀಲರ್ ಎಲ್ಲ ಹದಿನೇಳಕ್ಕೂ ನಿಲ್ಲುತ್ತಿದ್ದ, ಮತ್ತೊಂದು ಕಡೆ ಎಕ್ಕವಿರುವ ಹದಿನೇಳಕ್ಕೆ ಇನ್ನೊಂದು ಎಲೆ ಎಳೆಯುತ್ತಿದ್ದ. ಹೆಸರು ಒಂದೇ, ಆಟ ಬೀದಿಗೊಂದು. ಹೊಸ ಊರಿಗೆ ಬಂದವನಿಗೆ ‘ಹೇಗೆ ಆಡಬೇಕು’ ಎಂಬುದಕ್ಕಿಂತ ಮೊದಲು ‘ಎಲ್ಲಿ ಕೂರಬೇಕು’ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ.

ಅದಕ್ಕೆ ಉತ್ತರ ಕೊಟ್ಟವರಲ್ಲಿ ದೊಡ್ಡ ಹೆಸರು ಸ್ಟ್ಯಾನ್‌ಫರ್ಡ್ ವಾಂಗ್. ಹೆಸರು ಕಾವ್ಯನಾಮ, ಮನುಷ್ಯ ಜಾನ್ ಫರ್ಗ್ಯುಸನ್. 1975ರ ತಮ್ಮ ‘ಪ್ರೊಫೆಷನಲ್ ಬ್ಲ್ಯಾಕ್‌ಜಾಕ್’ ಪುಸ್ತಕದಲ್ಲಿ ಅವರು ಹೇಳಿದ ಉಪಾಯ ಇಷ್ಟು: ಕೂರಬೇಡಿ, ಹಿಂದೆ ನಿಂತು ಎಲೆ ಎಣಿಸಿ, ಕಟ್ಟು ಅನುಕೂಲಕ್ಕೆ ತಿರುಗಿದಾಗ ಕೂತು ಆಡಿ, ಕೆಟ್ಟಾಗ ಎದ್ದು ನಡೆಯಿರಿ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ವಾಂಗಿಂಗ್’ ಎಂಬ ಪದವೇ ಬಂತು. ಇಲ್ಲದ ಮನುಷ್ಯನೊಬ್ಬನ ಹೆಸರು ಕ್ರಿಯಾಪದವಾದ ಅಪರೂಪದ ಉದಾಹರಣೆ. 1979ರಿಂದ ವಾಂಗ್ ‘ಕರೆಂಟ್ ಬ್ಲ್ಯಾಕ್‌ಜಾಕ್ ನ್ಯೂಸ್’ ಎಂಬ ಮಾಸಿಕ ಸುದ್ದಿಪತ್ರ ಹೊರಡಿಸಿದರು. ಚಂದಾದಾರರ ಮನೆಗೆ ಬರುತ್ತಿದ್ದದ್ದು ಯಾವ ಊರಿನ ಯಾವ ಕ್ಯಾಸಿನೊದಲ್ಲಿ ಎಷ್ಟು ಕಟ್ಟು, ಯಾವ ನಿಯಮ ಎಂಬ ಪಟ್ಟಿ. ರೈಲ್ವೆ ವೇಳಾಪಟ್ಟಿಯಂಥ ಒಣ ಓದು. ಅಂಚೆಯಲ್ಲಿ ಬಂದ ಅದೇ ಕಾಗದ ಪ್ರಯಾಣದ ದಿಕ್ಕನ್ನು ತೀರ್ಮಾನಿಸುತ್ತಿತ್ತು.

ಆ ಪಟ್ಟಿಯಲ್ಲಿ ನೋಡಬೇಕಾದದ್ದು ಐದು ಸಂಗತಿ. ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಂದರೆ ಎಷ್ಟು ಕೊಡುತ್ತಾರೆ? ಎಷ್ಟು ಕಟ್ಟು? ಒಂದು ಕಟ್ಟಿನಿಂದ ಎಂಟಕ್ಕೆ ಹೋದರೆ ಕ್ಯಾಸಿನೊ ಪಾಲು ಸುಮಾರು ಅರ್ಧ ಶೇಕಡಾ ಏರುತ್ತದೆ. ಡೀಲರ್ ಎಕ್ಕದ ಹದಿನೇಳಕ್ಕೆ ನಿಲ್ಲುತ್ತಾನೋ ಎಳೆಯುತ್ತಾನೋ? ಎಳೆದರೆ ಇನ್ನೊಂದು 0.2. ಪಣ ಇಮ್ಮಡಿ ಮಾಡಲು, ಜೋಡಿ ಬಿಡಿಸಲು, ಅರ್ಧ ಪಣ ಬಿಟ್ಟು ಕೈ ಚೆಲ್ಲಲು ಎಷ್ಟು ಸ್ವಾತಂತ್ರ್ಯ? ಐದನೆಯದು ಯಾವ ಫಲಕದಲ್ಲೂ ಬರೆದಿರುವುದಿಲ್ಲ: ಕಟ್ಟಿನ ಎಷ್ಟು ಭಾಗ ಹಂಚಿದ ಮೇಲೆ ಮತ್ತೆ ಕಲೆಸುತ್ತಾರೆ? ಅರ್ಧಕ್ಕೇ ಕಲೆಸಿದರೆ ಎಣಿಕೆಯ ಶ್ರಮವೆಲ್ಲ ನೀರುಪಾಲು. 1980ರಲ್ಲಿ ಆರ್ನಾಲ್ಡ್ ಸ್ನೈಡರ್ ಇದನ್ನೂ ಸೇರಿಸಿಕೊಂಡು ಆಟವನ್ನು ತೂಗುವ ಸೂತ್ರವೊಂದನ್ನು ಪ್ರಕಟಿಸಿದರು. ಆದರೆ ಈ ಐದನೆಯ ಸಂಗತಿಯನ್ನು ಮೇಜಿನ ಹಿಂದೆ ನಿಂತು ಕಣ್ಣಾರೆ ನೋಡಿಯೇ ತಿಳಿಯಬೇಕು.

ಕ್ಯಾಸಿನೊಗಳ ಕೈಯಲ್ಲೂ ಒಂದು ಪಟ್ಟಿ ಇತ್ತು. 1967ರಿಂದ ಲಾಸ್ ವೇಗಸ್‌ನ ಪತ್ತೇದಾರಿ ಸಂಸ್ಥೆ ಗ್ರಿಫಿನ್ ಇನ್ವೆಸ್ಟಿಗೇಷನ್ಸ್ ಮೋಸಗಾರರ ಜೊತೆಗೆ ಎಲೆ ಎಣಿಸುವವರ ಚಿತ್ರ, ವಿವರಗಳನ್ನೂ ಕಲೆಹಾಕಿ ಕ್ಯಾಸಿನೊಗಳಿಗೆ ಒದಗಿಸಿತು. ಆಟಗಾರರ ಬಳಿ ಕ್ಯಾಸಿನೊಗಳ ಪಟ್ಟಿ, ಕ್ಯಾಸಿನೊಗಳ ಬಳಿ ಆಟಗಾರರ ಪಟ್ಟಿ. ನೆವಾಡಾದಲ್ಲಿ ತಲೆಯಲ್ಲೇ ಎಣಿಸುವುದು ಅಪರಾಧವಲ್ಲ; 1985ರಲ್ಲಿ ನಿಷೇಧವಾದದ್ದು ಎಣಿಸಲು ಯಂತ್ರದ ನೆರವು. ಆದರೂ ಅಂಗಡಿ ನಮ್ಮದು, ನಿಮಗೆ ಆಟವಿಲ್ಲ ಎಂದು ಬಾಗಿಲು ತೋರಿಸಲು ಅಲ್ಲಿ ಅಡ್ಡಿಯಿರಲಿಲ್ಲ.

ನ್ಯಾಯದ ಪ್ರಶ್ನೆ ಇಲ್ಲಿಯೇ ಎದ್ದದ್ದು. ಆಟ ಕ್ಯಾಸಿನೊದ್ದೇ, ನಿಯಮವೂ ಅವರದ್ದೇ. ಆ ನಿಯಮದೊಳಗೇ ಬುದ್ಧಿ ಬಳಸಿದವನನ್ನು ಹೊರಗೆ ಹಾಕಬಹುದೇ? ಇದನ್ನು ಕೋರ್ಟಿಗೆ ಒಯ್ದವರು ಕೆನ್ ಆಸ್ಟನ್. ಹುಟ್ಟುಹೆಸರು ಕೆನೆತ್ ಸೆಂಜೊ ಉಸುಯಿ, ತಂದೆ ಜಪಾನಿ. ಪೆಸಿಫಿಕ್ ಷೇರು ವಿನಿಮಯ ಕೇಂದ್ರದಲ್ಲಿ ಹಿರಿಯ ಅಧಿಕಾರಿಯಾಗಿದ್ದವರು ಆ ಕೆಲಸ ಬಿಟ್ಟು ಈ ಆಟಕ್ಕೆ ಬಂದಿದ್ದರು. 1978ರ ಮೇ 26ರಂದು ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಮೊದಲ ಕ್ಯಾಸಿನೊ ರಿಸಾರ್ಟ್ಸ್ ಇಂಟರ್‌ನ್ಯಾಷನಲ್ ತೆರೆಯಿತು. ಡೀಲರ್ ತನಗೆ ಇಪ್ಪತ್ತೊಂದು ಬಂದಿದೆಯೇ ಎಂದು ನೋಡುವುದಕ್ಕೆ ಮೊದಲೇ ಆಟಗಾರ ಅರ್ಧ ಪಣ ಉಳಿಸಿಕೊಂಡು ಕೈ ಬಿಡಬಹುದಿತ್ತು. ಆ ಒಂದು ಸವಲತ್ತಿನ ಬೆಲೆ ಸುಮಾರು 0.6 ಶೇಕಡಾ. ಎಲೆ ಎಣಿಸದೆ ಬರೀ ಚೀಟಿಯಂತೆ ಆಡಿದರೂ ಅನುಕೂಲ ಕೂದಲೆಳೆಯಷ್ಟು ಆಟಗಾರನ ಕಡೆ.

1979ರ ಆರಂಭದಲ್ಲಿ ಅಲ್ಲಿನ ಕ್ಯಾಸಿನೊ ನಿಯಂತ್ರಣ ಆಯೋಗ, ಎಣಿಸುವವರನ್ನು ಕೆಲ ದಿನ ಹೊರಹಾಕದೆ ನೋಡೋಣ ಎಂದು ಒಂದು ಪ್ರಯೋಗ ಮಾಡಿತು. ಆಸ್ಟನ್ ತಂಡ ಒಂಬತ್ತು ದಿನಗಳಲ್ಲಿ 1,45,000 ಡಾಲರು ಗೆದ್ದಿತು. ಪ್ರಯೋಗ ಮುಗಿಯಿತು, ಬಾಗಿಲು ಮುಚ್ಚಿತು, ಆಸ್ಟನ್ ದಾವೆ ಹೂಡಿದರು. 1982ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು: ಆಟದ ನಿಯಮ ರೂಪಿಸುವ ಅಧಿಕಾರ ಆಯೋಗದ್ದು, ಎಲೆ ಎಣಿಸುತ್ತಾನೆಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿ ಯಾರನ್ನೂ ಹೊರಹಾಕುವಂತಿಲ್ಲ.

ಕೂರುವ ಹಕ್ಕು ಸಿಕ್ಕಿತು. ಆದರೆ ಕೂರಲು ಯೋಗ್ಯವಾದ ಮೇಜು ಅಷ್ಟರಲ್ಲಿ ಕರಗುತ್ತಿತ್ತು. ಬೇಗ ಕೈ ಬಿಡುವ ಸವಲತ್ತು 1981ರಲ್ಲೇ ಹೋಗಿತ್ತು. ಮನುಷ್ಯನನ್ನು ತಡೆಯಲಾಗದ ಕ್ಯಾಸಿನೊಗಳು ಎಂಟು ಕಟ್ಟು ತಂದವು, ಬೇಕೆಂದಾಗ ಕಲೆಸುವ ಅನುಮತಿ ಪಡೆದವು. ನೆವಾಡಾದಲ್ಲಿ ಆಟ ಒಳ್ಳೆಯದು, ಆಟಗಾರನಿಗೆ ಭದ್ರತೆಯಿಲ್ಲ. ಅಟ್ಲಾಂಟಿಕ್ ಸಿಟಿಯಲ್ಲಿ ಭದ್ರತೆಯಿದೆ, ಆಟ ಸಪ್ಪೆ.

ಹೀಗೆ ಕೋರ್ಟು, ಕ್ಯಾಮೆರಾ, ಪತ್ತೇದಾರರಿಂದ ಪೂರ್ತಿ ಸಾಧಿಸಲಾಗದ್ದನ್ನು ಕ್ಯಾಸಿನೊಗಳು ಕೊನೆಗೆ ಸಾಧಿಸಿದ್ದು ಮೇಜಿನ ಹಸಿರು ಬಟ್ಟೆಯ ಮೇಲೆ ಅಚ್ಚು ಹಾಕಿದ ಒಂದು ಸಾಲಿನಿಂದ. ಎರಡೇ ಎಲೆಯಲ್ಲಿ ಇಪ್ಪತ್ತೊಂದು ಬಂದರೆ ಎರಡಕ್ಕೆ ಮೂರು ಕೊಡುವುದು ಹಳೆಯ ವಾಡಿಕೆ. ನೂರು ರೂಪಾಯಿ ಪಣಕ್ಕೆ ನೂರೈವತ್ತು. 2000ದ ನಂತರದ ವರ್ಷಗಳಲ್ಲಿ ಲಾಸ್ ವೇಗಸ್‌ನ ಕೆಲವು ಮೇಜುಗಳಲ್ಲಿ ಅದು ಐದಕ್ಕೆ ಆರು ಎಂದಾಯಿತು, ನೂರಕ್ಕೆ ನೂರಿಪ್ಪತ್ತು. ಮೊದಲು ಬಂದದ್ದು ಒಂದೇ ಕಟ್ಟಿನ ಮೇಜುಗಳಿಗೆ. ಒಂದು ಕಟ್ಟೆಂದರೆ ಒಳ್ಳೆಯ ಆಟ ಎಂದು ಅರ್ಧ ತಿಳಿದವರು ಹುಡುಕಿಕೊಂಡು ಬರುತ್ತಿದ್ದದ್ದು ಅಲ್ಲಿಗೇ.

ಮೂವತ್ತು ರೂಪಾಯಿಯ ವ್ಯತ್ಯಾಸ ಸಣ್ಣದೆನಿಸುತ್ತದೆ. ಲೆಕ್ಕ ನೋಡಿ. ಐವತ್ತೆರಡು ಎಲೆಗಳಲ್ಲಿ ಎರಡೆರಡರ ಜೋಡಿ 1,326. ಅದರಲ್ಲಿ ಎಕ್ಕ ಮತ್ತು ಹತ್ತು ಕೂಡುವ ಜೋಡಿ 64. ಅಂದರೆ ಹೆಚ್ಚುಕಡಿಮೆ ಇಪ್ಪತ್ತೊಂದು ಕೈಗೊಮ್ಮೆ ಈ ಯೋಗ ಬರುತ್ತದೆ. ಪ್ರತಿ ಸಲ ಮೂವತ್ತು ಕಳೆದರೆ ಕ್ಯಾಸಿನೊ ಪಾಲು 1.4 ಶೇಕಡಾದಷ್ಟು ಏರುತ್ತದೆ. ಗಂಟೆಗೆ ಅರವತ್ತು ಕೈ, ಕೈಗೆ ನೂರು ರೂಪಾಯಿ ಆಡುವವನು, ಎಲ್ಲವನ್ನೂ ಸರಿಯಾಗಿ ಆಡಿದರೂ, ಒಳ್ಳೆಯ ಮೇಜಿನಲ್ಲಿ ಸರಾಸರಿ ಮೂವತ್ತು ರೂಪಾಯಿ ಕಳೆದುಕೊಳ್ಳುತ್ತಾನೆ. ಐದಕ್ಕೆ ಆರು ಕೊಡುವ, ಡೀಲರ್ ಎಕ್ಕದ ಹದಿನೇಳಕ್ಕೆ ಎಳೆಯುವ ಮೇಜಿನಲ್ಲಿ ನೂರಿಪ್ಪತ್ತು. ಆಟ ಅದೇ, ನಗು ಅದೇ, ಬಿಲ್ಲು ನಾಲ್ಕು ಪಟ್ಟು.

ಇದರಲ್ಲಿ ಮೋಸವೇನೂ ಇಲ್ಲ. ದೊಡ್ಡ ಅಕ್ಷರದಲ್ಲಿ, ಎಲ್ಲರ ಕಣ್ಣೆದುರು ಬರೆದಿದೆ. 1964ರಲ್ಲಿ ಇಮ್ಮಡಿ ಮಾಡಲು ಬಿಡದಿದ್ದಾಗ ಆಟಗಾರರಿಗೆ ಅದು ಕೂಡಲೇ ಚುಚ್ಚಿತು. ಬೇಡ ಎಂಬ ಮಾತು ಕಿವಿಗೆ ಬೀಳುತ್ತದೆ. ಈ ಸಲ ಯಾರಿಗೂ ಏನನ್ನೂ ಬೇಡವೆನ್ನಲಿಲ್ಲ. ಗೆದ್ದ ಸಂಭ್ರಮದ ಗಳಿಗೆಯಲ್ಲೇ ಸ್ವಲ್ಪ ಕಡಿಮೆ ಕೊಟ್ಟರು. ಗೆದ್ದವನು ಎಣಿಸಿಕೊಳ್ಳಲಿಲ್ಲ.

ಎಲೆ ನೆನಪಿಡುವುದು ಜಾಣ್ಮೆಯೋ ಜೂಜೋ ಎಂಬ ಚರ್ಚೆ ನಮ್ಮಲ್ಲೂ ಹಳೆಯದು. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟದ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟು, ಮೂರೆಲೆಯಾಟ ಬರೀ ಅದೃಷ್ಟದ್ದು, ರಮ್ಮಿ ಹಾಗಲ್ಲ ಎಂದದ್ದು ನ್ಯೂಜೆರ್ಸಿಯ ತೀರ್ಪಿಗಿಂತ ಹದಿನಾಲ್ಕು ವರ್ಷಕ್ಕೂ ಹೆಚ್ಚು ಮೊದಲು, 1967ರಲ್ಲಿ. ಕೊಟ್ಟ ಕಾರಣಗಳಲ್ಲೊಂದು, ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕೆಂಬುದು. ಥಾರ್ಪ್ ಲೆಕ್ಕ ಹಾಕಿದ್ದೂ ಅದನ್ನೇ. ಮುಂದೆ ಗೋವಾ ತನ್ನ 1976ರ ಜೂಜು ಕಾಯ್ದೆಯನ್ನು ತಿದ್ದಿ ಹಡಗುಗಳಲ್ಲಿ ಮೇಜಿನಾಟಗಳಿಗೆ ಅವಕಾಶ ಕೊಟ್ಟಿತು. ಮುಂಬಯಿ, ಪುಣೆಯಿಂದ ರಜೆಗೆ ಬಂದವರು ಸಂಜೆ ಪಣಜಿಯಲ್ಲಿ ಮಾಂಡೋವಿ ನದಿಯ ಹಡಗು ಹತ್ತುವಾಗ ಅವರೆದುರು ಇರುವುದು ರೀನೊದಲ್ಲಿ ಥಾರ್ಪ್ ಎದುರಿದ್ದ ಪ್ರಶ್ನೆಯೇ.

ಎಲೆ ಎಣಿಸಿ ಬದುಕಿದವರು ಬೆರಳೆಣಿಕೆಯಷ್ಟು. ಚೆನ್ನಾಗಿ ಎಣಿಸುವವರಿಗೂ ದಕ್ಕುವ ಅನುಕೂಲ ನೂರಕ್ಕೆ ಒಂದರ ಆಸುಪಾಸು. ಅದು ಕೈಗೆ ಬರುವ ಮೊದಲು ವಾರಗಟ್ಟಲೆ ಸೋಲಬಹುದು, ಹೂಡಿದ್ದೆಲ್ಲ ಮುಳುಗಲೂಬಹುದು. ಉಳಿದವರಿಗೆ ಮೇಜು ಆರಿಸುವುದೆಂದರೆ ಎಷ್ಟು ನಿಧಾನವಾಗಿ ಸೋಲಬೇಕೆಂದು ಆರಿಸುವುದು. ಅದಕ್ಕೆ ಬೇಕಾದದ್ದು ಗಣಿತದ ಪದವಿಯಲ್ಲ. ವಾಂಗ್ ಹೇಳಿದಂತೆ ಮೊದಲು ಕುರ್ಚಿಯ ಹಿಂದೆ ನಿಲ್ಲುವುದು, ಬಟ್ಟೆಯ ಮೇಲಿನ ಸಾಲನ್ನು ಓದುವುದು. ನಿಂತು ನೋಡುವವರಿಂದ ಯಾವ ಮೇಜೂ ಪಣ ಕೇಳುವುದಿಲ್ಲ.